ಹೆಂಗಸರ ಟೆಸ್ಟೊಸ್ಟೆರಾನ್: ಕೇಳುವವರು ಯಾರು, ಬೇಕಾದವರು ಯಾರು

ಮಗಳಿಗೆ ಇಪ್ಪತ್ತೆರಡು. ಮುಟ್ಟು ಹೊತ್ತಿಗೆ ಸರಿಯಾಗಿ ಆಗುವುದಿಲ್ಲ, ಗದ್ದದ ಮೇಲೆ ಕೂದಲು ಬರುತ್ತಿದೆ. ರಕ್ತ ಪರೀಕ್ಷೆ ಮಾಡಿಸಿದರೆ ಟೆಸ್ಟೊಸ್ಟೆರಾನ್ ಹೆಚ್ಚಿದೆ, ಪಿಸಿಒಎಸ್ (ಅಂಡಾಶಯ, ಹಾರ್ಮೋನುಗಳ ಏರುಪೇರಿನ ತೊಂದರೆ) ಇದೆ ಅನ್ನುತ್ತಾರೆ ಡಾಕ್ಟರು. ತಾಯಿಗೆ ನಲವತ್ತೇಳು. ಮುಟ್ಟು ನಿಂತು ವರ್ಷ ದಾಟಿದೆ, ರಾತ್ರಿ ಮೈ ಉರಿಯುತ್ತದೆ, ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ. ಆಕೆ ಲಂಡನ್ನಿನ ಯಾರೋ ಡಾಕ್ಟರಮ್ಮನ ವಿಡಿಯೊ ನೋಡಿಕೊಂಡು ಬಂದು, 'ನನಗೂ ಟೆಸ್ಟೊಸ್ಟೆರಾನ್ ಬರದು ಕೊಡ್ರಿ' ಅನ್ನುತ್ತಾಳೆ. ಹುಬ್ಬಳ್ಳಿ-ಧಾರವಾಡದ ಮಧ್ಯಮವರ್ಗದ ಮನೆಯಲ್ಲಿ ಒಂದೇ ಹಾರ್ಮೋನು ಹೀಗೆ ಮಗಳಿಗೆ ವೈರಿ, ತಾಯಿಗೆ ಆಸೆ.

ಈ ಇಬ್ಬರ ಆಚೆ ಮೂರನೆಯವಳೊಬ್ಬಳಿದ್ದಾಳೆ. ಹಾವೇರಿ ಜಿಲ್ಲೆಯ ಯಾವುದಾದರೂ ತಾಂಡಾದವಳೋ, ಗದಗ ಕಡೆಯ ಕೂಲಿಯವಳೋ ಇರಬಹುದು. ಮೂವತ್ತೈದು ತುಂಬುವುದರೊಳಗೆ ಗರ್ಭಕೋಶ ತೆಗೆಸಿಕೊಂಡವಳು. ಅದರ ಜೊತೆಗೆ ಅಂಡಾಶಯವೂ ಹೋಗಿದೆಯೋ ಇಲ್ಲವೋ ಆಕೆಗೆ ಗೊತ್ತಿಲ್ಲ. ಟೆಸ್ಟೊಸ್ಟೆರಾನ್ ಅನ್ನುವ ಹೆಸರೂ ಆಕೆಯ ಕಿವಿಗೆ ಬಿದ್ದಿರುವುದಿಲ್ಲ. ಆದರೆ ಅಂಡಾಶಯವೂ ಹೋಗಿದ್ದಲ್ಲಿ, ದೇಹಶಾಸ್ತ್ರದ ಲೆಕ್ಕ ಹಿಡಿದು ನೋಡಿದರೆ ಈ ಹಾರ್ಮೋನನ್ನು ಒಂದೇ ಸಲಕ್ಕೆ, ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವಳು ಇವಳೇ. ಮಹಿಳೆಯರ ಟೆಸ್ಟೊಸ್ಟೆರಾನ್ ಚರ್ಚೆ ನಮ್ಮೂರಿಗೆ ಬಂದಿರುವುದು ಸುಸ್ತಿಗೆ ಟಾನಿಕ್ ಎಂಬ ವೇಷದಲ್ಲಿ. ಅದು ಬರಬೇಕಾಗಿದ್ದು ಈ ಮೂರನೆಯವಳ ಕಡೆಯಿಂದ ಎಂಬುದು ನನ್ನ ವಾದ.

ಮೊದಲು ದೇಹದ ವಿಷಯ. ಇದನ್ನು 'ಗಂಡಸೂರ ಹಾರ್ಮೋನು' ಅನ್ನುವುದು ರೂಢಿ. 1935ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅದನ್ನು ಮೊದಲು ಬೇರ್ಪಡಿಸಿದ್ದು ಹೋರಿಯ ವೃಷಣದಿಂದ, ಹಾಗಾಗಿ ಹೆಸರೂ ಆ ಕಡೆಗೇ ಅಂಟಿಕೊಂಡಿತು. ಆದರೆ ಆರೋಗ್ಯವಂತ ಯುವತಿಯ ರಕ್ತದಲ್ಲಿ ತಿಂಗಳ ಹೆಚ್ಚಿನ ದಿನಗಳಲ್ಲಿ 'ಹೆಂಗಸರ ಹಾರ್ಮೋನು' ಎನಿಸಿಕೊಂಡ ಈಸ್ಟ್ರೊಜೆನ್‌ಗಿಂತ ಟೆಸ್ಟೊಸ್ಟೆರಾನ್ ಪ್ರಮಾಣವೇ ಹೆಚ್ಚು. ಈಸ್ಟ್ರೊಜೆನ್ ತಯಾರಾಗುವುದೂ ಟೆಸ್ಟೊಸ್ಟೆರಾನ್ ಮತ್ತು ಅದರ ಬಳಗದ ಆಂಡ್ರೊಜೆನ್‌ಗಳಿಂದಲೇ. ಹೆಣ್ಣಿನ ದೇಹದಲ್ಲಿ ಸುಮಾರು ಕಾಲು ಭಾಗ ಅಂಡಾಶಯದಿಂದ, ಕಾಲು ಭಾಗ ಮೂತ್ರಪಿಂಡದ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಯಿಂದ ಬರುತ್ತದೆ. ಉಳಿದರ್ಧ ಕೊಬ್ಬು, ಚರ್ಮ ಮುಂತಾದ ಕಡೆ ಬೇರೆ ಆಂಡ್ರೊಜೆನ್‌ಗಳು ರೂಪ ಬದಲಿಸಿ ಹುಟ್ಟುತ್ತದೆ.

ಇಲ್ಲೊಂದು ವಿಷಯ ವಿಡಿಯೊಗಳಲ್ಲಿ ಹೆಚ್ಚಾಗಿ ಕೇಳಿಸುವುದಿಲ್ಲ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೊಜೆನ್ ದಢಕ್ಕನೆ ಕುಸಿಯುತ್ತದೆ, ಟೆಸ್ಟೊಸ್ಟೆರಾನ್ ಹಾಗೆ ಕುಸಿಯುವುದಿಲ್ಲ. ಅದು ಇಪ್ಪತ್ತರ ಪ್ರಾಯದಿಂದಲೇ ನಿಧಾನವಾಗಿ ಇಳಿಯುತ್ತಾ ಬಂದು ನಲವತ್ತರ ಸುಮಾರಿಗೆ ಅರ್ಧಕ್ಕೆ ಬಂದಿರುತ್ತದೆ. ಮುಟ್ಟು ನಿಂತ ಮೇಲೂ ಅಂಡಾಶಯ ಅದನ್ನು ಒಂದಿಷ್ಟು ತಯಾರಿಸುತ್ತಲೇ ಇರುತ್ತದೆ. 'ಮುಟ್ಟು ನಿಂತಿತು, ಟೆಸ್ಟೊಸ್ಟೆರಾನ್ ಖಾಲಿಯಾಯಿತು, ತುಂಬಿಸಿಕೊಳ್ಳಿ' ಅನ್ನುವ ಸರಳ ಕಥೆ ಅಲ್ಲಿಗೇ ಮುಗ್ಗರಿಸುತ್ತದೆ. ನಿಜಕ್ಕೂ ಒಮ್ಮೆಲೇ ಅರ್ಧಕ್ಕರ್ಧ ಬಿದ್ದುಹೋಗುವುದು ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಅಂಡಾಶಯ ತೆಗೆದಾಗ.

ಪುರಾವೆ ಏನು ಹೇಳುತ್ತದೆ

2019ರಲ್ಲಿ ಎರಡು ಮುಖ್ಯ ದಾಖಲೆಗಳು ಬಂದವು. ಒಂದು, ಜಗತ್ತಿನ ಪ್ರಮುಖ ಋತುಬಂಧ ಮತ್ತು ಹಾರ್ಮೋನು ತಜ್ಞರ ಸಂಘಗಳು ಸೇರಿ ಹೊರಡಿಸಿದ ಒಮ್ಮತದ ಹೇಳಿಕೆ. ಇನ್ನೊಂದು, ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ ಸೂಸನ್ ಡೇವಿಸ್ ಮತ್ತು ಸಂಗಡಿಗರು 'ಲ್ಯಾನ್ಸೆಟ್' ಬಳಗದ ಪತ್ರಿಕೆಯಲ್ಲಿ ಪ್ರಕಟಿಸಿದ ವಿಶ್ಲೇಷಣೆ. 36 ಪ್ರಯೋಗಗಳು, 8,480 ಮಹಿಳೆಯರು. ಎರಡೂ ತಲುಪಿದ ತೀರ್ಮಾನ ಒಂದೇ: ಮುಟ್ಟು ನಿಂತ ಹೆಂಗಸಿಗೆ ಲೈಂಗಿಕ ಆಸಕ್ತಿ ತಗ್ಗಿ, ಅದರಿಂದ ಆಕೆಗೇ ಸಂಕಟವಾಗುತ್ತಿದ್ದು, ಬೇರೆ ಕಾರಣ ಯಾವುದೂ ಸಿಗದಿದ್ದರೆ ಟೆಸ್ಟೊಸ್ಟೆರಾನ್ ಕೊಟ್ಟು ನೋಡಬಹುದು. ಪುರಾವೆ ಇರುವುದು ಈ ಒಂದೇ ಕಾರಣಕ್ಕೆ. ಹುರುಪಿಗೆ, ನೆನಪಿನ ಶಕ್ತಿಗೆ, ಬೇಸರಕ್ಕೆ, ಸ್ನಾಯುವಿಗೆ, ಮೂಳೆಗೆ ಕೊಡಲು ಸಾಕಷ್ಟು ಆಧಾರವಿಲ್ಲ. ಇನ್ನೂ ಮುಟ್ಟಾಗುತ್ತಿರುವ ಹೆಂಗಸರಿಗಂತೂ ಶಿಫಾರಸೇ ಇಲ್ಲ.

ಆ ಒಂದು ಕಾರಣಕ್ಕಾದರೂ ಎಷ್ಟು ಫಲ? ಡಮ್ಮಿ ಔಷಧ ಪಡೆದವರಿಗೆ ಹೋಲಿಸಿದರೆ ತಿಂಗಳಿಗೆ ಸರಾಸರಿ 0.85 ತೃಪ್ತಿಕರ ಸಮಾಗಮ ಹೆಚ್ಚು. ಅಂದರೆ ಒಂದಕ್ಕಿಂತ ಕಡಿಮೆ. ಓದಿದವರಿಗೆ ನಗು ಬರಬಹುದು. ಆದರೆ ಅದೇ ವಿಶ್ಲೇಷಣೆಯಲ್ಲಿ ಆಸೆ, ಉದ್ರೇಕ, ತನ್ನ ಬಗ್ಗೆ ತನಗಿರುವ ಭಾವನೆ ಸುಧಾರಿಸಿದ್ದೂ, ಸಂಕಟ ಕಡಿಮೆಯಾದದ್ದೂ ದಾಖಲಾಗಿದೆ. ಹೆಂಗಸರು ಕೇಳುವುದು ಎಣಿಕೆಯನ್ನಲ್ಲ, ಈ ಎರಡನೆಯದನ್ನು. ಹೀಗಾಗಿ ಫಲ ಇಲ್ಲ ಅನ್ನುವಂತಿಲ್ಲ, ಸಾಧಾರಣ ಅನ್ನಬೇಕು. ಡಮ್ಮಿ ಪಡೆದವರಲ್ಲೂ ಸುಧಾರಣೆ ಕಾಣುತ್ತದೆ ಎಂಬುದನ್ನೂ ಮರೆಯಬಾರದು. 2008ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್'ನಲ್ಲಿ ಬಂದ 814 ಮಹಿಳೆಯರ ಪ್ರಯೋಗದಲ್ಲಿ ಚರ್ಮದ ಮೂಲಕ ಟೆಸ್ಟೊಸ್ಟೆರಾನ್ ಬಿಡುವ ಪೂರ್ಣ ಡೋಸಿನ ಪಟ್ಟಿ ಅಂಟಿಸಿಕೊಂಡವರಲ್ಲಿ ತೃಪ್ತಿಕರ ಸಮಾಗಮ ನಾಲ್ಕು ವಾರಕ್ಕೆ 2.1ರಷ್ಟು ಏರಿದರೆ ಔಷಧವಿಲ್ಲದ ಬರೀ ಪಟ್ಟಿಯವರಲ್ಲೂ 0.7 ಏರಿತ್ತು. 'ಲಿಬಿಜೆಲ್' ಎಂಬ ಅಮೆರಿಕದ ಜೆಲ್ 2011ರಲ್ಲಿ ಸೋತಿದ್ದೂ ಇಲ್ಲೇ. ಡಮ್ಮಿಯನ್ನು ಮೀರಿಸಲು ಅದಕ್ಕಾಗಲಿಲ್ಲ.

ಇನ್ನು ಸುಸ್ತಿನ ಮಾತು. ನಮ್ಮ ಕಡೆ ಹೆಂಗಸರು ಆಸ್ಪತ್ರೆಗೆ ಹೇಳಿಕೊಂಡು ಬರುವ ಮೊದಲ ದೂರು ಅದೇ: 'ನಿಶ್ಶಕ್ತಿರೀ, ಕೈಕಾಲಾಗ ಬಲ ಇಲ್ರೀ'. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅದರ ಮೇಲೆ ಥೈರಾಯಿಡ್, ಬಿ12 ಕೊರತೆ, ಗೊತ್ತೇ ಆಗದ ಸಕ್ಕರೆ ಕಾಯಿಲೆ, ರಾತ್ರಿಯ ಬೆವರಿನಿಂದ ಕೆಟ್ಟ ನಿದ್ದೆ. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿರುವವಳಿಗೆ ಟೆಸ್ಟೊಸ್ಟೆರಾನ್ ಜೆಲ್ ಹಚ್ಚಿ ಉತ್ಸಾಹ ಬರಲಿ ಎಂದು ಕಾಯುವುದು ಅನ್ಯಾಯ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೇ ಲೈಂಗಿಕ ಆಸಕ್ತಿಯನ್ನು ತಗ್ಗಿಸುತ್ತವೆ. ಮಾತ್ರೆ ಬದಲಾಯಿಸಿದರೆ ಕೆಲಸ ಮುಗಿಯಬಹುದು. ಬಾಯಿಂದ ತೆಗೆದುಕೊಳ್ಳುವ ಈಸ್ಟ್ರೊಜೆನ್ ಗುಳಿಗೆ ಯಕೃತ್ತಿನಲ್ಲಿ ಒಂದು ಪ್ರೋಟೀನನ್ನು ಹೆಚ್ಚಿಸುತ್ತದೆ, ಆ ಪ್ರೋಟೀನು ರಕ್ತದಲ್ಲಿರುವ ಟೆಸ್ಟೊಸ್ಟೆರಾನನ್ನು ಹಿಡಿದು ಕಟ್ಟಿಹಾಕುತ್ತದೆ. ಗುಳಿಗೆ ಬಿಟ್ಟು ಚರ್ಮಕ್ಕೆ ಹಚ್ಚುವ ಈಸ್ಟ್ರೊಜೆನ್‌ಗೆ ಬದಲಾದರೆ ಈ ತೊಡಕು ಇರುವುದಿಲ್ಲ. ಹೊಸ ಔಷಧ ಸೇರಿಸುವ ಮುಂಚೆ ಇರುವ ಔಷಧವನ್ನು ನೋಡಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆನ್‌ಲೈನಿನಲ್ಲಿ ಡಬ್ಬಿಗಟ್ಟಲೆ ಸಿಗುವ ಡಿಎಚ್‌ಇಎ (ಟೆಸ್ಟೊಸ್ಟೆರಾನ್ ಬಳಗದ ಇನ್ನೊಂದು ಹಾರ್ಮೋನು) ಮಾತ್ರೆಗಳ ಬಗ್ಗೆಯೂ ಒಂದು ಮಾತು. ದೇಹ ಅದನ್ನು ಟೆಸ್ಟೊಸ್ಟೆರಾನ್ ಮಾಡಿಕೊಳ್ಳುತ್ತದೆ ಎಂಬ ಜಾಹೀರಾತು ಪೂರ್ತಿ ಸುಳ್ಳಲ್ಲ. ಆದರೆ ಮುಟ್ಟು ನಿಂತವರ ಆಸಕ್ತಿಗೆ ಅದರಿಂದ ಲಾಭವಾಗುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ, ತಜ್ಞ ಸಂಘಗಳು ಬೇಡ ಎಂದಿವೆ.

ದೂರು ಯಾರದು?

ಒಮ್ಮತದ ಹೇಳಿಕೆಯಲ್ಲಿ 'ಆಕೆಗೇ ಸಂಕಟವಾಗುತ್ತಿದ್ದರೆ' ಎಂಬ ಷರತ್ತಿದೆಯಲ್ಲ, ನಮ್ಮ ಸಮಾಜದಲ್ಲಿ ಇಡೀ ಚಿಕಿತ್ಸೆ ನಿಂತಿರುವುದು ಅದರ ಮೇಲೆ. ಓಪಿಡಿಯಲ್ಲಿ ಹೆಂಗಸಿನ ಪಕ್ಕದಲ್ಲಿ ಗಂಡ ಕುಳಿತಿರುತ್ತಾನೆ, ಇಲ್ಲವೇ ಅತ್ತೆ. ಹೊರಗೆ ಸಾಲು. ಆಕೆ ಸೊಂಟನೋವು ಅನ್ನುತ್ತಾಳೆ, ಬಿಳಿ ಹೋಗುತ್ತದೆ ಅನ್ನುತ್ತಾಳೆ, ಹೇಳಬೇಕೆಂದಿದ್ದನ್ನು ಹೇಳದೆ ಎದ್ದು ಹೋಗುತ್ತಾಳೆ. ಕೆಲವೊಮ್ಮೆ ಗಂಡನೇ ಬಾಯಿ ಬಿಡುತ್ತಾನೆ: 'ಇಕೀಗೆ ಮನಸ್ಸ ಇಲ್ರೀ ಡಾಕ್ಟರ'.

ಇದು ಕಾಯಿಲೆಯಲ್ಲ. ಆಸಕ್ತಿ ಇಲ್ಲದಿರುವುದರಿಂದ ಆಕೆಗೆ ಏನೂ ತೊಂದರೆ ಅನ್ನಿಸದಿದ್ದರೆ ರೋಗನಿದಾನದ ವ್ಯಾಖ್ಯೆಗೆ ಅದು ಬರುವುದೇ ಇಲ್ಲ. ಐವತ್ತು ದಾಟಿದ ಮೇಲೆ ಅದರ ಗೊಡವೆ ಬೇಡ ಅನ್ನುವ ಹಕ್ಕು ಹೆಂಗಸಿಗಿದೆ. ಬೇಕು ಅನ್ನುವ ಹಕ್ಕೂ ಅಷ್ಟೇ ಇದೆ, ಮತ್ತು ಅದನ್ನು ನಮ್ಮ ಊರುಗಳಲ್ಲಿ ಬಾಯಿ ಬಿಟ್ಟು ಹೇಳುವುದು ಬೇಡ ಅನ್ನುವುದಕ್ಕಿಂತ ಕಷ್ಟ. ಮಗಳ ಬಾಣಂತನ ಮಾಡುವ ವಯಸ್ಸಿನಲ್ಲಿ ಇದೆಂಥ ಮಾತು ಎಂಬ ನಾಚಿಕೆ ಆಕೆಗೆ ಮಾತ್ರವಲ್ಲ, ಕೇಳಬೇಕಾದ ವೈದ್ಯರಿಗೂ ಇದೆ. ಗಂಡನ ದೂರಿಗೆ ಹೆಂಡತಿಯ ತೊಡೆಗೆ ಜೆಲ್ ಹಚ್ಚಿಸುವ ವೈದ್ಯಕೀಯ ಮಾತ್ರ ಬೇಡ.

ಬಹಳಷ್ಟು ಸಲ ಆಸಕ್ತಿ ಹೋಗಿರುವುದಕ್ಕೆ ಕಾರಣ ನೋವು. ಈಸ್ಟ್ರೊಜೆನ್ ಇಲ್ಲದೆ ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ. ಉರಿ, ಬಿರುಕು, ಪದೇ ಪದೇ ಮೂತ್ರದ ಸೋಂಕು. ಪ್ರತಿ ಸಲ ನೋವಾದರೆ ಯಾರಿಗೆ ಮನಸ್ಸು ಬಂದೀತು? ಇದಕ್ಕೆ ಟೆಸ್ಟೊಸ್ಟೆರಾನ್ ಬೇಕಿಲ್ಲ, ಅಲ್ಲೇ ಹಚ್ಚುವ ಈಸ್ಟ್ರೊಜೆನ್ ಕ್ರೀಮು ಸಾಕು. ಅದರ ಬಹುಪಾಲು ರಕ್ತಕ್ಕೆ ಸೇರುವುದೂ ಇಲ್ಲ. ಮೊದಲು ಕೇಳಬೇಕಾದ ಪ್ರಶ್ನೆ 'ನೋವಾಗ್ತದೇನವ್ವಾ?' ಎಂಬುದು. ಅದನ್ನು ಕೇಳಲು ಅರ್ಧ ನಿಮಿಷ ಸಾಕು, ಗಂಡನನ್ನು ಹೊರಗೆ ಕಳಿಸಲು ಇನ್ನರ್ಧ.

ಹೆಂಗಸರಿಗಾಗಿ ಮಾಡಿದ ಔಷಧ ಯಾಕಿಲ್ಲ

ಭಾರತದಲ್ಲಿ ಮಹಿಳೆಯರಿಗೆಂದು ಅನುಮತಿ ಪಡೆದ ಟೆಸ್ಟೊಸ್ಟೆರಾನ್ ಉತ್ಪನ್ನ ಇಲ್ಲ. ಅಮೆರಿಕದಲ್ಲೂ ಇಲ್ಲ. ಹಾಗಂತ ಯಾರೂ ಪ್ರಯತ್ನಿಸಿಲ್ಲ ಎಂದಲ್ಲ. 2000ದಲ್ಲಿ 75 ಮಹಿಳೆಯರ ಮೇಲೆ ನಡೆದ ಒಂದು ಪ್ರಯೋಗ ದಾರಿ ತೆರೆಯಿತು. ಅವರೆಲ್ಲ ಗರ್ಭಕೋಶ ಮತ್ತು ಅಂಡಾಶಯ ಎರಡನ್ನೂ ತೆಗೆಸಿಕೊಂಡವರು, ವಯಸ್ಸು 31ರಿಂದ 56. ಅಂದರೆ ಈ ಚಿಕಿತ್ಸೆಯ ಆರಂಭವೇ ನಾನು ಮೇಲೆ ಹೇಳಿದ ಮೂರನೆಯವಳಂಥವರಿಂದ. ಅಲ್ಲಿಂದ ದಿನಕ್ಕೆ 300 ಮೈಕ್ರೊಗ್ರಾಂ ಬಿಡುವ 'ಇಂಟ್ರಿನ್ಸಾ' ಎಂಬ ಪಟ್ಟಿ ಬಂತು. 2004ರ ಡಿಸೆಂಬರಿನಲ್ಲಿ ಅಮೆರಿಕದ ಸಲಹಾ ಸಮಿತಿ ದೀರ್ಘಕಾಲದ ಸುರಕ್ಷತೆಯ ಮಾಹಿತಿ ಸಾಲದು ಎಂದು ತಡೆಯಿತು. ಯುರೋಪು 2006ರಲ್ಲಿ ಒಪ್ಪಿತು, ಅದೂ ಶಸ್ತ್ರಚಿಕಿತ್ಸೆಯಿಂದ ಋತುಬಂಧವಾದವರಿಗೆ ಮಾತ್ರ. 2012ರಲ್ಲಿ ತಯಾರಕರೇ ಅನುಮತಿ ಹಿಂದೆ ಪಡೆದರು. ಆಮೇಲೆ ಹೆಂಗಸರಿಗೆಂದೇ ಬಂದ ಪ್ರಮುಖ ಉತ್ಪನ್ನ ಪಶ್ಚಿಮ ಆಸ್ಟ್ರೇಲಿಯದ ಒಂದು ಸಣ್ಣ ಕಂಪನಿಯ ಶೇ 1ರ ಕ್ರೀಮು. ಅಲ್ಲಿನ ಸರ್ಕಾರ ಅದಕ್ಕೆ 2020ರಲ್ಲಿ ಪೂರ್ಣ ಅನುಮತಿ ಕೊಟ್ಟಿತು.

ಬ್ರಿಟನ್ನಿನಲ್ಲಿ 2015ರ ರಾಷ್ಟ್ರೀಯ ಮಾರ್ಗಸೂಚಿಯು ಈಸ್ಟ್ರೊಜೆನ್ ಚಿಕಿತ್ಸೆ ಒಂದರಿಂದಲೇ ಆಸಕ್ತಿ ಮರಳದಿದ್ದರೆ ಟೆಸ್ಟೊಸ್ಟೆರಾನ್ ಪರಿಗಣಿಸಬಹುದು ಎಂದಿತು. ನಂತರ ಟಿವಿ ತಾರೆಯರು ಬಾಯಿ ತೆರೆದರು, ಬೇಡಿಕೆ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿತು. ನಮ್ಮ ಮೊಬೈಲಿಗೆ ಬರುತ್ತಿರುವುದು ಆ ಅಲೆಯ ತುದಿ. ಮಾರ್ಗಸೂಚಿಯಲ್ಲಿದ್ದ 'ಈಸ್ಟ್ರೊಜೆನ್ ಕೊಟ್ಟ ಮೇಲೂ' ಎಂಬ ಮಾತು ದಾರಿಯಲ್ಲಿ ಎಲ್ಲೋ ಉದುರಿಹೋಗಿದೆ.

ಹಾಗಾದರೆ ಹುಬ್ಬಳ್ಳಿಯಲ್ಲಿ ಇದನ್ನು ಕೊಡಲೇಬೇಕು ಎಂದು ನಿರ್ಧರಿಸಿದ ವೈದ್ಯರು ಏನು ಮಾಡುತ್ತಾರೆ? ಗಂಡಸರ ಜೆಲ್ ಬರೆಯುತ್ತಾರೆ. ಶೇ 1ರ ಜೆಲ್, 5 ಗ್ರಾಂ ಸ್ಯಾಷೆ, ಒಳಗೆ 50 ಮಿಲಿಗ್ರಾಂ ಟೆಸ್ಟೊಸ್ಟೆರಾನ್. ಗಂಡಸಿಗೆ ಅದು ಒಂದು ದಿನದ ಡೋಸು, ಹೆಂಗಸಿಗೆ ಹತ್ತು ದಿನದ್ದು. ದಿನಕ್ಕೆ ಸುಮಾರು 5 ಮಿಲಿಗ್ರಾಂ, ಅರ್ಧ ಗ್ರಾಂ ಜೆಲ್, ಒಂದು ಬಟಾಣಿ ಕಾಳಿನಷ್ಟು. ಹರಿದ ಸ್ಯಾಷೆಯನ್ನು ಕ್ಲಿಪ್ ಹಾಕಿ ಇಟ್ಟು ಹತ್ತು ದಿನ ಸಮವಾಗಿ ಹಂಚುವುದು ಹೇಳಿದಷ್ಟು ಸುಲಭವಲ್ಲ. ಸೂಜಿಯಿಲ್ಲದ ಸಿರಿಂಜಿನಲ್ಲಿ ಅರ್ಧ ಎಂಎಲ್ ಅಳೆದು ತೋರಿಸುವ ವೈದ್ಯರು ಪುಣ್ಯವಂತರು. 'ಸ್ವಲ್ಪ ಹಚ್ಕೋರಿ' ಎಂದಷ್ಟೇ ಹೇಳಿ ಕಳಿಸಿದರೆ ಒಬ್ಬಳಿಗೆ ಕಾಲು ಡೋಸು, ಇನ್ನೊಬ್ಬಳಿಗೆ ಮೂರು ಪಟ್ಟು.

ಮೂರು ಪಟ್ಟಾದರೆ ಏನಾಗುತ್ತದೆ ಎಂಬುದು ಗೊತ್ತಿರುವ ವಿಷಯ. ಮೊಡವೆ, ಮುಖದ ಮೇಲೆ ಕೂದಲು, ತಲೆಗೂದಲು ಉದುರುವುದು. ಇನ್ನೂ ಹೆಚ್ಚಾದರೆ ದನಿ ದಪ್ಪವಾಗುವುದು, ಚಂದ್ರನಾಡಿ ಹಿಗ್ಗುವುದು. ಔಷಧ ನಿಲ್ಲಿಸಿದರೆ ಮೊಡವೆ ಹೋಗುತ್ತದೆ. ದನಿ ಬದಲಾದದ್ದು ಹಿಂದಕ್ಕೆ ಬರದೇ ಹೋಗಬಹುದು. ಮನೆಮನೆಯಲ್ಲೂ ಹಾಡುವವರಿರುವ ಧಾರವಾಡದಲ್ಲಿ ಇದನ್ನು ಮೊದಲೇ ತಿಳಿಸದೆ ಕೊಡುವುದು ತಪ್ಪು. ಚರ್ಮದಡಿ ಹುದುಗಿಸುವ ಪೆಲೆಟ್‌ಗಳು, ಗಂಡಸರ ಚುಚ್ಚುಮದ್ದುಗಳು ಹೆಂಗಸಿನ ದೇಹಕ್ಕೆ ಸಹಜವಲ್ಲದ ಮಟ್ಟಕ್ಕೆ ಏರಿಸುತ್ತವೆ, ಏರಿದ ಮೇಲೆ ತೆಗೆದುಹಾಕುವ ದಾರಿ ಇಲ್ಲ. ಒಮ್ಮತದ ಹೇಳಿಕೆ ಇಂಥವನ್ನು ಬೇಡ ಎಂದಿದೆ. ಬಾಯಿಂದ ತೆಗೆದುಕೊಳ್ಳುವ ಟೆಸ್ಟೊಸ್ಟೆರಾನ್ ಒಳ್ಳೆಯ ಕೊಲೆಸ್ಟರಾಲನ್ನು ಇಳಿಸಿ ಕೆಟ್ಟದ್ದನ್ನು ಏರಿಸುತ್ತದೆ, ಅದೂ ಬೇಡ.

ಜೆಲ್ ಹಚ್ಚುವುದು ತೊಡೆಯ ಮೇಲೋ ಕೆಳಹೊಟ್ಟೆಯ ಮೇಲೋ. ಹಚ್ಚಿದ ಕೈಯನ್ನು ಸೋಪು ಹಾಕಿ ತೊಳೆಯಬೇಕು, ಜಾಗ ಒಣಗಿದ ಮೇಲೆ ಬಟ್ಟೆಯಿಂದ ಮುಚ್ಚಬೇಕು. ಮೊಮ್ಮಕ್ಕಳು ಅಜ್ಜಿಯ ತೊಡೆಯ ಮೇಲೇ ಮಲಗುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ದೊಡ್ಡವರ ಚರ್ಮದಿಂದ ಜೆಲ್ ತಾಗಿ ಸಣ್ಣ ಮಕ್ಕಳಲ್ಲಿ ಅಕಾಲದ ಪ್ರೌಢತೆಯ ಲಕ್ಷಣ ಕಂಡಿದ್ದರಿಂದಲೇ 2009ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಜೆಲ್‌ಗಳ ಮೇಲೆ ಕಡುಎಚ್ಚರಿಕೆ ಮುದ್ರಿಸಲು ಹೇಳಿದ್ದು.

ಸ್ತನ ಕ್ಯಾನ್ಸರಿನ ಬಗ್ಗೆ ಕೇಳುವವರಿಗೆ ಪ್ರಾಮಾಣಿಕ ಉತ್ತರ ಅರ್ಧದ್ದೇ. 2008ರ ಪ್ರಯೋಗದಲ್ಲಿ ಟೆಸ್ಟೊಸ್ಟೆರಾನ್ ಪಡೆದವರಲ್ಲಿ ನಾಲ್ವರಿಗೆ ಸ್ತನ ಕ್ಯಾನ್ಸರ್ ಪತ್ತೆಯಾಯಿತು, ಡಮ್ಮಿಯವರಲ್ಲಿ ಯಾರಿಗೂ ಇಲ್ಲ. ಆದರೆ ನಾಲ್ವರಲ್ಲಿ ಒಬ್ಬರಿಗೆ ಲಕ್ಷಣ ಮೊದಲೇ ಇತ್ತು, ಇನ್ನೊಬ್ಬರಿಗೆ ಮೊದಲ ನಾಲ್ಕು ತಿಂಗಳಲ್ಲೇ ಗೊತ್ತಾಗಿತ್ತು. ನಂತರದ ಒಟ್ಟು ವಿಶ್ಲೇಷಣೆಯಲ್ಲಿ ಅಲ್ಪಾವಧಿಯ ಅಪಾಯ ಹೆಚ್ಚಾದದ್ದು ಕಂಡಿಲ್ಲ. ಎರಡು ವರ್ಷಕ್ಕೂ ಮೀರಿದ ಬಲವಾದ ಮಾಹಿತಿ ಇಲ್ಲ. ಹೃದಯದ ಕಾಯಿಲೆಯ ಅಪಾಯ ಹೆಚ್ಚಿದ್ದವರನ್ನು ಪ್ರಯೋಗಗಳಿಂದ ಹೊರಗಿಟ್ಟಿದ್ದರು. ಸಕ್ಕರೆ, ಬಿಪಿ ಎರಡೂ ಇರುವ ನಮ್ಮ ಐವತ್ತೈದರ ಹೆಂಗಸಿಗೆ ಆ ಫಲಿತಾಂಶವನ್ನು ಹಾಗೇ ಹೊಂದಿಸಲಾಗದು.

ರಕ್ತ ಪರೀಕ್ಷೆಯ ಹುಚ್ಚಿನ ಬಗ್ಗೆ ಚಿಕ್ಕದಾಗಿ ಹೇಳಿ ಈ ಭಾಗ ಮುಗಿಸುತ್ತೇನೆ. 'ಟೆಸ್ಟೊಸ್ಟೆರಾನ್ ಕಡಿಮೆ ಇದೆ' ಎಂಬ ರಿಪೋರ್ಟು ಹಿಡಿದು ಚಿಕಿತ್ಸೆ ಆರಂಭಿಸುವಂತಿಲ್ಲ. ಆಸಕ್ತಿ ಇದೆಯೋ ಇಲ್ಲವೋ ಎಂಬುದನ್ನು ಹೇಳುವ ಯಾವ ಸಂಖ್ಯೆಯೂ ರಕ್ತದಲ್ಲಿಲ್ಲ. ಸಾಮಾನ್ಯ ಲ್ಯಾಬುಗಳ ಯಂತ್ರ ಹೊಂದಿಸಿರುವುದು ಗಂಡಸರ ಮಟ್ಟಕ್ಕೆ, ಹೆಂಗಸರದ್ದು ಅದರ ಹತ್ತು-ಇಪ್ಪತ್ತನೇ ಒಂದು ಪಾಲು. ಅಷ್ಟು ಕೆಳಗಿನ ಮಟ್ಟದಲ್ಲಿ ಅದರ ಎಣಿಕೆ ನಂಬುವಂಥದಲ್ಲ. ಪರೀಕ್ಷೆಯ ನಿಜವಾದ ಉಪಯೋಗ ಬೇರೆ: ಔಷಧ ಶುರುಮಾಡುವ ಮುಂಚೆ ಒಮ್ಮೆ, ಮೂರರಿಂದ ಆರು ವಾರಕ್ಕೆ ಇನ್ನೊಮ್ಮೆ, ಆಮೇಲೆ ಆರಾರು ತಿಂಗಳಿಗೆ, ಡೋಸು ಹೆಚ್ಚಾಗಿಲ್ಲ ಎಂದು ಖಾತರಿ ಮಾಡಿಕೊಳ್ಳಲು.

ಹಾವೇರಿಯ ಹೆಂಗಸು

ಇಷ್ಟು ಹೊತ್ತು ಹುಬ್ಬಳ್ಳಿ-ಧಾರವಾಡದ ಆ ತಾಯಿಯ ಮಾತಾಯಿತು. ಈಗ ಮೂರನೆಯವಳು.

ರಾಣೆಬೆನ್ನೂರಿನ ಪ್ರಕರಣ ಈ ಭಾಗದ ಓದುಗರಿಗೆ ಹೊಸದಲ್ಲ. ಸರ್ಕಾರಿ ಆಸ್ಪತ್ರೆಯಲ್ಲೇ ಸಾವಿರಕ್ಕೂ ಹೆಚ್ಚು ಮಹಿಳೆಯರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆಯಲಾಗಿದೆ ಎಂಬ ಆರೋಪ ಬಂತು. ಅವರಲ್ಲಿ ಬಹಳಷ್ಟು ಮಂದಿ ಲಂಬಾಣಿ ತಾಂಡಾಗಳವರು, ಕೂಲಿಯವರು. ಪರಿಹಾರ ಕೇಳಿ ಅವರು ಬೀದಿಗಿಳಿದರು. ಅದಕ್ಕೂ ಮುಂಚೆ ಕಲಬುರಗಿಯಲ್ಲಿ ಇಂಥದೇ ಕಥೆ 2015ರಲ್ಲಿ ಹೊರಬಿದ್ದಿತ್ತು. ಬಿಹಾರ, ಛತ್ತೀಸಗಢ, ರಾಜಸ್ಥಾನದ ಪ್ರಕರಣಗಳನ್ನು ಹಿಡಿದು ಹೋದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲಿನಲ್ಲಿ ತೀರ್ಪು ಕೊಟ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕು ಎಂದಿತು. ದೇಶದ ಲೆಕ್ಕ ಹೇಳುವುದಾದರೆ 2019-21ರ ಸಮೀಕ್ಷೆಯಲ್ಲಿ 15ರಿಂದ 49ರ ಮಹಿಳೆಯರಲ್ಲಿ ಶೇ 3.3 ಮಂದಿ ಗರ್ಭಕೋಶ ತೆಗೆಸಿಕೊಂಡವರು. ಆಂಧ್ರ, ತೆಲಂಗಾಣದಲ್ಲಿ ಇದು ಬಹಳ ಹೆಚ್ಚು.

ಇಪ್ಪತ್ತೈದಕ್ಕೆ ಸಂತಾನಹರಣ ಆಪರೇಷನ್, ಮೂವತ್ತೈದಕ್ಕೆ 'ಚೀಲ' ತೆಗೆಸುವುದು. 'ಮಕ್ಕಳಾದ್ವು, ಇನ್ನ ಅದ ಇದ್ದೇನ ಮಾಡೂದೈತಿ, ಇಟ್ಕೊಂಡ್ರ ಕ್ಯಾನ್ಸರ್ ಆಗತೈತಿ ಅಂದ್ರು' ಎಂಬ ಮಾತು ಈ ಕಡೆಯ ಹಳ್ಳಿಗಳಲ್ಲಿ ಹೊಸದಲ್ಲ. ಪ್ರಕರಣ ಸುದ್ದಿಯಾದಾಗ ಚರ್ಚೆ ನಡೆಯುವುದು ಗರ್ಭಕೋಶ ಯಾಕೆ ತೆಗೆದರು ಎಂಬುದರ ಸುತ್ತ. ಸರಿಯೇ. ಆದರೆ ತೆಗೆದ ಮೇಲೆ ಆಕೆಯ ಮುಂದಿನ ಹದಿನೈದು ವರ್ಷ ಹೇಗೆ ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ.

ಉತ್ತರ ಇರುವುದು ಡಿಸ್ಚಾರ್ಜ್ ಕಾರ್ಡಿನಲ್ಲಿ. ಶಸ್ತ್ರಚಿಕಿತ್ಸೆಯ ಹೆಸರಿನ ಮುಂದೆ 'ಬಿಎಸ್‌ಒ' ಎಂಬ ಮೂರು ಅಕ್ಷರ ಇದ್ದರೆ ಎರಡೂ ಕಡೆಯ ಅಂಡಾಶಯ ಮತ್ತು ನಳಿಕೆ ಹೋಗಿವೆ ಎಂದರ್ಥ. ಇಲ್ಲದಿದ್ದರೆ ಅಂಡಾಶಯ ಉಳಿದಿದೆ. ಆಗಲೂ ಅದು ಕೆಲ ವರ್ಷ ಮುಂಚಿತವಾಗಿ ಕೆಲಸ ನಿಲ್ಲಿಸುವ ಸಂಭವವಿದೆ. ಮುಟ್ಟೇ ಆಗದ ಕಾರಣ ಯಾವಾಗ ನಿಂತಿತೆಂದು ಆಕೆಗೂ ತಿಳಿಯುವುದಿಲ್ಲ. ಆ ಕಾರ್ಡನ್ನು ಟ್ರಂಕಿನ ತಳದಿಂದ ಹುಡುಕಿ ತೆಗೆಯಿರಿ ಎಂದು ಆಶಾ ಕಾರ್ಯಕರ್ತೆಯರು ಒಂದು ಮಾತು ಹೇಳಿದರೂ ದೊಡ್ಡ ಕೆಲಸ ಆದಂತೆ.

ಬಿಎಸ್‌ಒ ಆದ ಮೂವತ್ತೈದರವಳ ದೇಹಕ್ಕೆ ಮರುದಿನವೇ ಋತುಬಂಧ. ಈಸ್ಟ್ರೊಜೆನ್ ಸರಿಸುಮಾರು ಬತ್ತಿತು, ಟೆಸ್ಟೊಸ್ಟೆರಾನ್ ಅರ್ಧವಾಯಿತು. ಮೈಯುರಿ, ಬೆವರು, ಒಣಗುವಿಕೆ ತಕ್ಷಣದ್ದು. ಸವೆಯುವ ಮೂಳೆ, ಬೇಗ ಬರುವ ಹೃದಯದ ಕಾಯಿಲೆ ನಿಧಾನದ್ದು. ಬ್ಯಾಡಗಿಯಲ್ಲಿ ದಿನವಿಡೀ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುವವಳೋ, ಹೊಲದಲ್ಲಿ ಹತ್ತಿ ಬಿಡಿಸುವವಳೋ 'ಮೈಯೆಲ್ಲ ಉರೀತೈತಿ' ಎಂದರೆ ಬಿಸಿಲಿನ ಕೆಲಸ, ಮೆಣಸಿನ ಘಾಟು ಎಂದು ಸುಮ್ಮನಾಗುತ್ತೇವೆ. ಇಂಥವರಿಗೆ ಅಡ್ಡಿ ಯಾವುದೂ ಇಲ್ಲದಿದ್ದರೆ ಸಹಜ ಋತುಬಂಧದ ವಯಸ್ಸಿನವರೆಗೆ ಈಸ್ಟ್ರೊಜೆನ್ ಕೊಡಬೇಕು ಎಂಬುದರಲ್ಲಿ ತಜ್ಞರಿಗೆ ಭಿನ್ನಮತವಿಲ್ಲ. ಇದು ಐಷಾರಾಮವಲ್ಲ, ಕಿತ್ತುಕೊಂಡದ್ದನ್ನು ಹಿಂತಿರುಗಿಸುವುದು.

ಆದರೂ ವೈದ್ಯರ ಕೈ ಹಿಂಜರಿಯುತ್ತದೆ, ಅದಕ್ಕೆ ಕಾರಣ 2002ರ ಜುಲೈ. ಅಮೆರಿಕದ 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಪ್ರಯೋಗದ ಒಂದು ಭಾಗವನ್ನು ಅರ್ಧಕ್ಕೆ ನಿಲ್ಲಿಸಿದ ಸುದ್ದಿ ಜಗತ್ತಿನ ಕಿವಿಯಲ್ಲಿ 'ಹಾರ್ಮೋನು ಅಂದರೆ ಸ್ತನ ಕ್ಯಾನ್ಸರ್' ಎಂದು ಉಳಿಯಿತು. ಆ ಪ್ರಯೋಗದ ಮಹಿಳೆಯರ ಸರಾಸರಿ ವಯಸ್ಸು 63. ಹೆಚ್ಚಾದ ಅಪಾಯ ವರ್ಷಕ್ಕೆ ಹತ್ತು ಸಾವಿರ ಮಹಿಳೆಯರಲ್ಲಿ ಎಂಟು. ಅದೂ ಈಸ್ಟ್ರೊಜೆನ್ ಜೊತೆಗೆ, ಗರ್ಭಕೋಶದ ಒಳಪದರ ಕಾಯುವ ಪ್ರೊಜೆಸ್ಟೋಜೆನ್ ಎಂಬ ಹಾರ್ಮೋನು ಸೇರಿಸಿ ಕೊಟ್ಟವರಲ್ಲಿ. ಗರ್ಭಕೋಶ ತೆಗೆದವರಿಗೆ ಆ ಎರಡನೆಯ ಔಷಧ ಬೇಕಾಗಿಯೇ ಇಲ್ಲ. ಅಂಥ 10,739 ಮಹಿಳೆಯರಿಗೆ ಈಸ್ಟ್ರೊಜೆನ್ ಮಾತ್ರ ಕೊಟ್ಟು ನೋಡಿದ ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ, ಕಡಿಮೆಯತ್ತಲೇ ವಾಲಿತ್ತು. 2025ರ ನವೆಂಬರಿನಲ್ಲಿ ಅಮೆರಿಕದ ನಿಯಂತ್ರಕರು ಋತುಬಂಧದ ಹಾರ್ಮೋನುಗಳ ಮೇಲಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯ ಬಹುಭಾಗವನ್ನು ತೆಗೆಯುವುದಾಗಿ ಪ್ರಕಟಿಸಿದರು. ಅರವತ್ಮೂರರವರ ಭಯವನ್ನು ಮೂವತ್ತೈದರವಳ ತಲೆಗೆ ಕಟ್ಟಿ ಎರಡು ದಶಕ ಕಳೆದವು.

ಇಲ್ಲಿ ಕೆಲವರು ಟಿಬೊಲೋನ್ ಬರೆಯುತ್ತಾರೆ. ಒಂದೇ ಗುಳಿಗೆಯಲ್ಲಿ ಈಸ್ಟ್ರೊಜೆನ್, ಪ್ರೊಜೆಸ್ಟೋಜೆನ್, ಆಂಡ್ರೊಜೆನ್ ಮೂರರ ಗುಣವೂ ಇರುವ ಕೃತಕ ಹಾರ್ಮೋನು ಅದು. ಭಾರತದಲ್ಲಿ ಸಿಗುತ್ತದೆ, ಆಸಕ್ತಿಗೂ ಸ್ವಲ್ಪ ನೆರವಾಗುತ್ತದೆ. ಅರವತ್ತು ದಾಟಿದವರಲ್ಲಿ ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸಿದ್ದು 2008ರಲ್ಲೂ, ಸ್ತನ ಕ್ಯಾನ್ಸರ್ ಆಗಿ ಗುಣವಾದವರಲ್ಲಿ ಅದನ್ನು ಮರುಕಳಿಸಿದ್ದು 2009ರಲ್ಲೂ ದಾಖಲಾಗಿದೆ. ಕಿರಿಯರಿಗೆ ಆಯ್ದು ಕೊಡಬಹುದಾದ ಔಷಧ, ಎಲ್ಲರಿಗೂ ಅಲ್ಲ.

ಕಿಮ್ಸ್ ಎಂದೇ ಹೆಸರಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿಗೆ 1957ರಿಂದ ಇತಿಹಾಸವಿದೆ, ಗದಗಕ್ಕೂ ಹಾವೇರಿಗೂ ಈಗ ತಮ್ಮದೇ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಬಿಎಸ್‌ಒ ಆದ ಹೆಂಗಸರನ್ನು ವಾರದಲ್ಲಿ ಒಂದು ದಿನ ಕರೆಸಿ ನೋಡುವ ಕ್ಲಿನಿಕ್ಕಿಗೆ ದೊಡ್ಡ ಯಂತ್ರವೇನೂ ಬೇಡ. ಆ ಕ್ಲಿನಿಕ್ಕಿಗೆ ರಟ್ಟೀಹಳ್ಳಿ ಕಡೆಯ ಮೂವತ್ತೆಂಟರ ಹೆಂಗಸು ಬಂದಳು ಎನ್ನಿ. ಮೊದಲು ಕಾರ್ಡು ನೋಡಿ ಅಂಡಾಶಯ ಇದೆಯೋ ಇಲ್ಲವೋ ತಿಳಿಯಬೇಕು. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯಿಡ್, ಬಿಪಿ ನೋಡಬೇಕು, ಸ್ತನ ಪರೀಕ್ಷಿಸಬೇಕು. ಈಸ್ಟ್ರೊಜೆನ್ ಆರಂಭಿಸಬೇಕು, ಆದರೆ ಚರ್ಮಕ್ಕೆ ಹಚ್ಚುವುದು ಒಳ್ಳೆಯದು, ನೋವಿದ್ದರೆ ಕ್ರೀಮು. ಮೂರು ತಿಂಗಳಾದ ಮೇಲೆ, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಮನಸ್ಸಿನ ವಿಷಯ ಕೇಳಬೇಕು. ನಿದ್ದೆ ಬಂದಿದೆ, ಉರಿ ಹೋಗಿದೆ, ನೋವಿಲ್ಲ, ಆದರೂ ಮುಂಚಿನ ಆಸೆ ಬಂದಿಲ್ಲ, ಅದು ತನ್ನನ್ನು ಕಾಡುತ್ತಿದೆ ಎಂದು ಆಕೆಯೇ ಹೇಳಿದರೆ ಆಗ ಟೆಸ್ಟೊಸ್ಟೆರಾನಿನ ಸರದಿ: ಸ್ಯಾಷೆಯ ಹತ್ತನೇ ಒಂದು ಪಾಲು, ಸಿರಿಂಜಿನಲ್ಲಿ ಅಳೆದು. ಆರು ತಿಂಗಳಲ್ಲಿ ಏನೂ ಬದಲಾಗದಿದ್ದರೆ ಅದನ್ನು ನಿಲ್ಲಿಸಬೇಕು. ಈಸ್ಟ್ರೊಜೆನ್ ಮಾತ್ರ ಐವತ್ತರ ಹತ್ತಿರದವರೆಗೂ ಮುಂದುವರಿಯಬೇಕು.